ತಲೆಯ ಸೋರಿಯಾಸಿಸ್ ವ್ಯಾಧಿ: ಗಂಡ ಹೆಂಡಿರಿಬ್ಬರೂ ತಿಳಿದಿರಬೇಕಾದ ಸಂಗತಿಗಳು

ನಮ್ಮ ಭಾಷೆಯಲ್ಲಿ ಹೊಟ್ಟು ಎಂಬ ಪದಕ್ಕೆ ಎರಡು ಅರ್ಥಗಳುಂಟು. ಕಾಳಿನ ಮೇಲಿನ ಸಿಪ್ಪೆಯೂ ಹೊಟ್ಟು, ತಲೆಯಿಂದ ಉದುರುವ ಬಿಳಿಯ ಪುಡಿಯೂ ಹೊಟ್ಟು. ಕಲಬುರಗಿಯ ನೆಹರು ಗಂಜ್‌ಗೆ ತೊಗರಿಯ ಆವಕ ಹೆಚ್ಚಾಗಿರುವ ಚಳಿಗಾಲದ ದಿನಗಳಲ್ಲಿ ಮೊದಲನೆಯ ಹೊಟ್ಟು ಎಲ್ಲರ ಮೈಮೇಲೂ ಬಿದ್ದಿರುತ್ತದೆ. ರೈತನಿಗೆ, ಅಡತಿ ಅಂಗಡಿಯವನಿಗೆ, ಹಮಾಲನಿಗೆ ಯಾರಿಗೂ ಅದರಿಂದ ಹೇಸಿಕೆ ಇಲ್ಲ. ಆದರೆ ಎರಡನೆಯ ಬಗೆಯ ಹೊಟ್ಟು ಒಬ್ಬನ ಹೆಗಲ ಮೇಲೆ ಕಂಡಿತೆಂದರೆ ಪಕ್ಕದಲ್ಲಿ ಕುಳಿತವರು ಸ್ವಲ್ಪ ಸರಿದು ಕೂರುತ್ತಾರೆ. ಅದೇ ಚಳಿಗಾಲದಲ್ಲಿ ಒಣಹವೆಯಿಂದಾಗಿ ಈ ಎರಡನೆಯ ಹೊಟ್ಟೂ ಹೆಚ್ಚಾಗುತ್ತದೆ ಎಂಬುದು ಗಮನಾರ್ಹ.

ಉದುರುವುದೆಲ್ಲವೂ ಸಾಮಾನ್ಯ ತಲೆಹೊಟ್ಟಲ್ಲ. ಕೆಲವರಲ್ಲಿ ಅದು ಸೋರಿಯಾಸಿಸ್ ಎಂಬ ಚರ್ಮವ್ಯಾಧಿಯ ಲಕ್ಷಣವಾಗಿರುತ್ತದೆ. ಕುಟುಂಬ ಕಲ್ಯಾಣದ ಈ ಪುಸ್ತಿಕೆಯಲ್ಲಿ ಚರ್ಮವ್ಯಾಧಿಯ ಪ್ರಸ್ತಾಪವೇಕೆ ಎಂದು ನೀವು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ಈ ವ್ಯಾಧಿಯನ್ನು ಅಂಟುರೋಗವೆಂದು ತಪ್ಪಾಗಿ ಭಾವಿಸಿ ಗಂಡ ಹೆಂಡಿರು ಒಬ್ಬರಿಂದೊಬ್ಬರು ದೂರವಾಗುತ್ತಿದ್ದಾರೆ. ಎರಡನೆಯದಾಗಿ, ಇದಕ್ಕೆ ಕೊಡುವ ಕೆಲವು ಮಾತ್ರೆಗಳು ಗರ್ಭದಲ್ಲಿರುವ ಶಿಶುವಿಗೆ ಘೋರವಾದ ಹಾನಿ ಮಾಡಬಲ್ಲವು. ಆದುದರಿಂದ ಈ ಲೇಖನವನ್ನು ದಂಪತಿಗಳಿಬ್ಬರೂ ಒಟ್ಟಿಗೆ ಓದುವುದು, ಓದು ಬಾರದಿದ್ದಲ್ಲಿ ಓದಿಸಿ ಕೇಳುವುದು ಮೇಲು.

ವ್ಯಾಧಿಯ ಸ್ವರೂಪ

ನಮ್ಮ ಚರ್ಮವು ಸದಾ ಹೊಸದಾಗುತ್ತಿರುತ್ತದೆ. ಕೆಳಪದರದಲ್ಲಿ ಹುಟ್ಟಿದ ಜೀವಕೋಶವು ಮೆಲ್ಲಮೆಲ್ಲನೆ ಮೇಲಕ್ಕೆ ಸರಿದು, ಒಣಗಿ, ಕಣ್ಣಿಗೆ ಕಾಣದಂತೆ ಉದುರಿಹೋಗಲು ಸುಮಾರು 28 ದಿವಸಗಳು ಬೇಕು. ಸೋರಿಯಾಸಿಸ್ ಆದ ಜಾಗದಲ್ಲಿ ಈ ಕೆಲಸವೆಲ್ಲ 3 ರಿಂದ 5 ದಿವಸಗಳಲ್ಲಿ ಮುಗಿದುಬಿಡುತ್ತದೆ. ಮಾಗದ ಕೋಶಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಉದುರಲು ಅವಕಾಶವಿಲ್ಲದೆ ಪದರುಪದರಾಗಿ ಕೂಡಿಕೊಂಡು ಬೆಳ್ಳಿಯ ಬಣ್ಣದ ದಪ್ಪ ಪೊರೆಯಾಗುತ್ತವೆ. ಅದರ ಅಡಿಯಲ್ಲಿ ಚರ್ಮವು ಕೆಂಪಗೆ ಊದಿಕೊಂಡಿರುತ್ತದೆ. ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ರಕ್ತದ ಬಿಳಿಯ ಕಣಗಳು ತಮ್ಮ ದೇಹದ ಚರ್ಮವನ್ನೇ ಹಗೆಯೆಂದು ಬಗೆದು ಕೆರಳಿಸುವುದೇ ಇದಕ್ಕೆ ಕಾರಣ. ಅಂದರೆ ಕೊಳೆಯಿಂದಾಗಲಿ, ಕ್ರಿಮಿಯಿಂದಾಗಲಿ, ಹಿಂದಿನ ಜನ್ಮದ ಪಾಪದಿಂದಾಗಲಿ, ನಾಗದೋಷದಿಂದಾಗಲಿ ಇದು ಬರುವುದಿಲ್ಲ.

ನಮ್ಮ ದೇಶದಲ್ಲಿ ನೂರು ಜನರಲ್ಲಿ ಒಬ್ಬಿಬ್ಬರಿಗೆ ಈ ವ್ಯಾಧಿ ಇರಬಹುದು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ತಲೆಯ ಚರ್ಮದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಎಷ್ಟೋ ಜನರಿಗೆ ಮೊದಲು ತೋರುವುದೇ ತಲೆಯಲ್ಲಿ.

ಸಾಮಾನ್ಯ ತಲೆಹೊಟ್ಟು ಸಣ್ಣದಾಗಿ, ಜಿಡ್ಡಾಗಿ, ತಲೆಯೆಲ್ಲ ಹರಡಿಕೊಂಡಿರುತ್ತದೆ. ಸೋರಿಯಾಸಿಸ್‌ನ ಪೊರೆ ದಪ್ಪ, ಒಣ, ಬೆಳ್ಳಗೆ. ಅದಕ್ಕೆ ಸ್ಪಷ್ಟವಾದ ಅಂಚು ಇರುತ್ತದೆ. ಕೈಯಾಡಿಸಿದರೆ ಗಡ್ಡೆಕಟ್ಟಿದಂತೆ ತಾಗುತ್ತದೆ. ಕೂದಲಿನ ಗಡಿಯನ್ನು ದಾಟಿ ಹಣೆಗೆ, ಕಿವಿಯ ಹಿಂದಕ್ಕೆ, ಹೆಡತಲೆಗೆ ಇಳಿದು ಬರುತ್ತದೆ. ಉಗುರಿನಿಂದ ಕಿತ್ತರೆ ಸೂಜಿಮೊನೆಯಷ್ಟು ಸಣ್ಣ ರಕ್ತದ ಹನಿಗಳು ಒಸರುತ್ತವೆ. ಮೊಣಕೈ, ಮೊಣಕಾಲು, ಸೊಂಟದಲ್ಲಿ ಇಂತಹುದೇ ಕಲೆಗಳಿದ್ದು, ಕೈಬೆರಳ ಉಗುರುಗಳ ಮೇಲೆ ಚುಚ್ಚಿದಂತೆ ಸಣ್ಣ ಗುಳಿಗಳಿದ್ದಲ್ಲಿ ಸಂಶಯ ಇನ್ನೂ ಕಡಿಮೆ. ಮಕ್ಕಳ ತಲೆಯಲ್ಲಿ ಕೂದಲು ಮುರಿದು ಬೋಳಾದ ಮಚ್ಚೆಗಳಿದ್ದರೆ ಅದು ಹುಳುಕಡ್ಡಿ ಇರಬಹುದು. ಅದು ಬೇರೆ ರೋಗ, ಅದು ಖಂಡಿತವಾಗಿ ಅಂಟುತ್ತದೆ, ಅದಕ್ಕೆ ಔಷಧಿಯೂ ಬೇರೆ. ಆದುದರಿಂದ ಯಾವುದೆಂದು ನಿರ್ಧರಿಸುವ ಕೆಲಸವನ್ನು ವೈದ್ಯರಿಗೆ ಬಿಡತಕ್ಕದ್ದು.

ಇದು ಅಂಟುವುದಿಲ್ಲ

ಹಾಸಿಗೆಯಿಂದ, ಹೊದಿಕೆಯಿಂದ, ಬಾಚಣಿಗೆಯಿಂದ, ರುಮಾಲಿನಿಂದ, ಒಂದೇ ತಟ್ಟೆಯ ಊಟದಿಂದ, ದಾಂಪತ್ಯ ಸಂಬಂಧದಿಂದ ಸೋರಿಯಾಸಿಸ್ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದರೂ ಹರಡುವುದಿಲ್ಲ. ಬಾಚಣಿಗೆಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಹೇನು ಮತ್ತು ಹುಳುಕಡ್ಡಿಯ ದೃಷ್ಟಿಯಿಂದ ಒಳ್ಳೆಯ ಅಭ್ಯಾಸವೇ ಹೌದು, ಆದರೆ ಅದಕ್ಕೂ ಈ ವ್ಯಾಧಿಗೂ ಸಂಬಂಧವಿಲ್ಲ.

ಹೀಗಿದ್ದೂ ಭಯ ಏಕೆ ಉಳಿದಿದೆ? ಬಹುಮಟ್ಟಿಗೆ ಕುಷ್ಠರೋಗದೊಡನೆ ಇದನ್ನು ಬೆರೆಸಿದ್ದರಿಂದ. ಯುರೋಪಿನಲ್ಲಿಯೂ ಶತಮಾನಗಳ ಕಾಲ ಇವೆರಡನ್ನೂ ಒಂದೆಂದೇ ಎಣಿಸಲಾಗಿತ್ತು. 1841ರಲ್ಲಿ ವಿಯೆನ್ನಾದ ವೈದ್ಯ ಹೆಬ್ರಾ ಅವರು ಇವು ಬೇರೆಬೇರೆ ಎಂದು ಸ್ಪಷ್ಟಪಡಿಸಿದರು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಅವರು ಕುಷ್ಠದ ರೋಗಾಣುವನ್ನು ಕಂಡುಹಿಡಿದರು. ಸೋರಿಯಾಸಿಸ್‌ಗೆ ಅಂತಹ ಯಾವ ರೋಗಾಣುವೂ ಇಲ್ಲ. ಕುಷ್ಠದ ಕಲೆಯಲ್ಲಿ ಸ್ಪರ್ಶಜ್ಞಾನ ಹೋಗಿರುತ್ತದೆ, ಇದರಲ್ಲಿ ಸ್ಪರ್ಶವೂ ಇರುತ್ತದೆ, ತುರಿಕೆಯೂ ಇರುತ್ತದೆ. ಕೂದಲಿರುವ ತಲೆಯ ಚರ್ಮವನ್ನು ಕುಷ್ಠವು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. (ಕುಷ್ಠರೋಗಿಗಳನ್ನಾದರೂ ದೂರವಿಡಬೇಕೆಂದು ಇದರ ಅರ್ಥವಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಬಹುಔಷಧಿ ಚಿಕಿತ್ಸೆಯಿಂದ ಅದು 6 ಅಥವಾ 12 ತಿಂಗಳಲ್ಲಿ ವಾಸಿಯಾಗುವ ರೋಗ. ಅದನ್ನು ವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ವಿಧಿಯನ್ನು 2019ರಲ್ಲಿ ನಮ್ಮ ಸಂಸತ್ತು ತೆಗೆದುಹಾಕಿದೆ. ಸೋರಿಯಾಸಿಸ್ ಅಂತೂ ಆ ಕಾರಣಗಳ ಪಟ್ಟಿಯಲ್ಲಿ ಎಂದೂ ಇರಲಿಲ್ಲ.) 2014ರಲ್ಲಿ ವಿಶ್ವ ಆರೋಗ್ಯ ಸಭೆಯು ಸೋರಿಯಾಸಿಸ್ ಅಂಟುರೋಗವಲ್ಲವೆಂದು ಜಗತ್ತಿಗೇ ಸಾರುವ ನಿರ್ಣಯವನ್ನು ಅಂಗೀಕರಿಸಿತು.

ಮದುವೆಯಾದ ಎರಡನೆಯ ವರ್ಷದಲ್ಲಿ ತಲೆಯ ಮೇಲೆ ಪೊರೆ ಕಾಣಿಸಿಕೊಂಡಿತೆಂದು ತವರಿಗೆ ಕಳುಹಿಸಲ್ಪಟ್ಟ ಹೆಣ್ಣುಮಕ್ಕಳನ್ನು ನಾವು ಹೊರರೋಗಿ ವಿಭಾಗದಲ್ಲಿ ನೋಡುತ್ತೇವೆ. ಗಂಡಸಿಗೆ ಬಂದಾಗ ಯಾರೂ ಅವನನ್ನು ಮನೆಯಿಂದ ಕಳುಹಿಸುವುದಿಲ್ಲ; ಅವನು ರುಮಾಲಿನ ಕೆಳಗೆ ಮುಚ್ಚಿಕೊಂಡು ಗಂಜ್‌ಗೆ ಹೋಗುತ್ತಾನೆ. ವ್ಯಾಧಿ ಮಾತ್ರ ಇಬ್ಬರಿಗೂ ಒಂದೇ. ಮದುವೆಗೆ ಮುಂಚೆ ಮುಚ್ಚಿಟ್ಟು ಆಮೇಲೆ ಬಯಲಾಗುವುದರಿಂದಲೂ ಮನಸ್ತಾಪಗಳು ಹುಟ್ಟುತ್ತವೆ. ವಿಷಯವನ್ನು ಮೊದಲೇ ಹೇಳಿ, ಬೇಕಿದ್ದರೆ ಎರಡೂ ಕಡೆಯವರನ್ನು ವೈದ್ಯರ ಬಳಿಗೆ ಕರೆತನ್ನಿ. ನಾವು ವಿವರಿಸಿ ಹೇಳುತ್ತೇವೆ.

ಮಕ್ಕಳಿಗೆ ಬರುವುದೇ ಎಂಬುದು ಮುಂದಿನ ಪ್ರಶ್ನೆ. ಇದರಲ್ಲಿ ವಂಶದ ಪಾತ್ರವುಂಟು. ತಾಯಿ ತಂದೆಯರಲ್ಲಿ ಒಬ್ಬರಿಗೆ ಇದ್ದಲ್ಲಿ ಮಗುವಿಗೆ ಬರುವ ಸಂಭವ ನೂರಕ್ಕೆ ಸುಮಾರು 10. ಇಬ್ಬರಿಗೂ ಇದ್ದಲ್ಲಿ 40 ರಿಂದ 50. ಎಂದರೆ ಒಬ್ಬರಿಗೆ ಮಾತ್ರ ಇರುವ ಮನೆಯಲ್ಲಿ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಬರುವುದಿಲ್ಲ. ಈ ಕಾರಣಕ್ಕಾಗಿ ಮಕ್ಕಳೇ ಬೇಡವೆಂದು ತೀರ್ಮಾನಿಸುವ ಅಗತ್ಯ ಖಂಡಿತ ಇಲ್ಲ.

ಕೆರಳಿಸುವ ಸಂಗತಿಗಳು

ಈ ವ್ಯಾಧಿ ಇರುವವರ ಚರ್ಮಕ್ಕೆ ಎಲ್ಲಿ ಪೆಟ್ಟು, ಉಜ್ಜುವಿಕೆ, ಗಾಯ ಆಗುತ್ತದೆಯೋ ಅಲ್ಲಿಯೇ ಹೊಸ ಕಲೆ ಮೂಡುವ ಗುಣವುಂಟು. ಜರ್ಮನಿಯ ವೈದ್ಯ ಕೋಬ್ನರ್ ಅವರು ಇದನ್ನು 19ನೆಯ ಶತಮಾನದಲ್ಲಿಯೇ ಗುರುತಿಸಿದರು. ಗಂಜ್‌ನ ಹಮಾಲರಿಗೆ ಇದು ಮುಖ್ಯವಾದ ಸಂಗತಿ. ಹೆಡತಲೆ ಮತ್ತು ಹೆಗಲ ಮೇಲೆ ದಿನಕ್ಕೆ ನೂರಾರು ಸಲ ಗೋಣಿಚೀಲ ಉಜ್ಜಿದಾಗ ಪೊರೆ ಅಲ್ಲಿಯೇ ದಪ್ಪವಾಗುತ್ತದೆ. ಕೆಲಸ ಬಿಡಿರೆಂದು ಹೇಳುವುದು ಸುಲಭ, ಬಿಡುವುದು ಸಾಧ್ಯವಿಲ್ಲ. ಆದುದರಿಂದ ಚೀಲ ಮತ್ತು ಚರ್ಮದ ನಡುವೆ ಮೆತ್ತನೆಯ ಹತ್ತಿಯ ಬಟ್ಟೆಯನ್ನು ಎರಡು ಮೂರು ಮಡಿಕೆಯಾಗಿ ಹಾಕಿಕೊಳ್ಳಿ, ಅದನ್ನು ದಿನವೂ ಒಗೆಯಿರಿ, ರುಮಾಲನ್ನು ಬಿಗಿಯಾಗಿ ಸುತ್ತಬೇಡಿ, ಸಂಜೆ ಮನೆಗೆ ಬಂದೊಡನೆ ದೂಳನ್ನು ತೊಳೆದುಕೊಳ್ಳಿ. ಹೆಂಗಸರು ಕೂದಲನ್ನು ಎಳೆದು ಬಿಗಿಯಾಗಿ ಜಡೆ ಹೆಣೆಯಕೂಡದು. ಮುಡಿ ಕೊಡುವ ಹರಕೆ ಇರುವವರು ಪೊರೆ ಶಮನವಾಗಿರುವ ಕಾಲವನ್ನು ನೋಡಿಕೊಂಡು, ಹೊಸ ಬ್ಲೇಡಿನಿಂದ, ಗಾಯವಾಗದಂತೆ ತೆಗೆಸಿಕೊಳ್ಳಬೇಕು. ಕೂದಲು ತೆಗೆಸಿದ ಮಾತ್ರಕ್ಕೆ ವ್ಯಾಧಿ ಹೋಗುವುದಿಲ್ಲ.

ಗಂಟಲುನೋವಿನ ಸೋಂಕು, ಮನಸ್ಸಿನ ಚಿಂತೆ, ನಿದ್ದೆಗೇಡು, ಮದ್ಯಪಾನ, ಬೀಡಿ ತಂಬಾಕು ಇವೆಲ್ಲವೂ ವ್ಯಾಧಿಯನ್ನು ಕೆರಳಿಸುತ್ತವೆ. ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಸಹ ಹೆಚ್ಚಿಸಬಹುದು. ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ನಿಮಗೆ ಸೋರಿಯಾಸಿಸ್ ಇದೆಯೆಂದು ಮೊದಲೇ ಹೇಳಿ.

ಆಹಾರದ ವಿಷಯದಲ್ಲಿ ನಮ್ಮ ಕಡೆ ನಂಜಿನ ಭಯ ಹೆಚ್ಚು. ಬದನೆಕಾಯಿ ಬಿಟ್ಟರು, ಶೇಂಗಾ ಬಿಟ್ಟರು, ಕೊನೆಗೆ ತೊಗರಿಬೇಳೆಯನ್ನೂ ಬಿಟ್ಟರು ಎಂಬಂತಹ ಗರ್ಭಿಣಿಯರು ಬರುತ್ತಾರೆ. ತೊಗರಿ ಬೆಳೆಯುವ ನಾಡಿನಲ್ಲಿದ್ದುಕೊಂಡು ಬೇಳೆ ಬಿಟ್ಟ ಬಸುರಿಗೆ ಸಾರಜನಕ ಎಲ್ಲಿಂದ ಬರಬೇಕು? ಯಾವ ಬೇಳೆಯನ್ನೂ ಯಾವ ತರಕಾರಿಯನ್ನೂ ಬಿಡಬೇಕಾಗಿಲ್ಲ. ಕಮಲಾಪುರದ ಕೆಂಪು ಬಾಳೆಯನ್ನೂ ಸಂತೋಷದಿಂದ ತಿನ್ನಬಹುದು. ಬಿಡಬೇಕಾದದ್ದು ಮದ್ಯ ಮತ್ತು ತಂಬಾಕು, ಬೊಜ್ಜಿದ್ದಲ್ಲಿ ಇಳಿಸಬೇಕು.

ಚಿಕಿತ್ಸೆ: ಇಬ್ಬರ ಕೆಲಸ

ಒಂದು ಮಾತನ್ನು ಮೊದಲೇ ಹೇಳುವುದು ನ್ಯಾಯ. ಈ ವ್ಯಾಧಿಯನ್ನು ಬೇರುಸಹಿತ ಕೀಳುವ ಔಷಧಿ ಇನ್ನೂ ಬಂದಿಲ್ಲ. "ಮೂರು ತಿಂಗಳಲ್ಲಿ ಶಾಶ್ವತ ಪರಿಹಾರ" ಎಂದು ಬರೆಸಿದ ಫಲಕವನ್ನು ಕಂಡಲ್ಲಿ ನಿಮ್ಮ ಹಣವನ್ನು ಕಿಸೆಯಲ್ಲಿಯೇ ಇಟ್ಟುಕೊಳ್ಳಿ. ಆದರೆ ಹತೋಟಿಯಲ್ಲಿಡಲು ಸಾಧ್ಯ. ತಿಂಗಳುಗಟ್ಟಲೆ, ವರ್ಷಗಟ್ಟಲೆ ತಲೆ ಸ್ವಚ್ಛವಾಗಿರುವಂತೆ ಮಾಡಲು ಸಾಧ್ಯ. ಉದುರಿದ ಕೂದಲೂ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

ದಾಲ್ ಮಿಲ್ಲಿನಲ್ಲಿ ತೊಗರಿಯ ಹೊಟ್ಟನ್ನು ಹೇಗೆ ತೆಗೆಯುತ್ತಾರೆಂಬುದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಕಾಳನ್ನು ತಂದೊಡನೆ ಯಂತ್ರಕ್ಕೆ ಸುರಿಯುವುದಿಲ್ಲ. ಎಣ್ಣೆ ಸವರಿ, ನೀರು ಹಾಕಿ, ಒಣಗಿಸಿ, ಹೊಟ್ಟು ಸಡಿಲವಾದ ಮೇಲೆಯೇ ಬೇರ್ಪಡಿಸುತ್ತಾರೆ. ಸಡಿಲವಾಗುವ ಮುಂಚೆ ಬಲಪ್ರಯೋಗ ಮಾಡಿದರೆ ಹೊಟ್ಟು ಹೋಗದೆ ಕಾಳೇ ನುಚ್ಚಾಗುತ್ತದೆ. ತಲೆಯ ಪೊರೆಯೂ ಹಾಗೆಯೇ. ಉಗುರಿನಿಂದ, ಹೇನುಬಾಚಣಿಗೆಯಿಂದ ಕೆರೆದು ತೆಗೆದರೆ ಚರ್ಮ ಗಾಯವಾಗಿ, ಮೇಲೆ ಹೇಳಿದಂತೆ ಇಮ್ಮಡಿಯಾಗಿ ಬೆಳೆಯುತ್ತದೆ. ಪೊರೆ ಇರುವಾಗ ಮೇಲಿಂದ ಮೇಲೆ ಔಷಧಿ ಹಚ್ಚಿದರೂ ಅದು ಅಡಿಯ ಚರ್ಮಕ್ಕೆ ತಲುಪದೆ ವ್ಯರ್ಥವಾಗುತ್ತದೆ. ಔಷಧಿ ಹಿಡಿಯಲಿಲ್ಲವೆಂದು ಬರುವ ಹಲವರ ತೊಂದರೆ ಇಷ್ಟೇ.

ಆದುದರಿಂದ ಮೊದಲು ಸಡಿಲಿಸಬೇಕು. ರಾತ್ರಿ ಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸಿ ಪೊರೆಯ ಮೇಲೆ ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು, ಪೊರೆ ತುಂಬಾ ದಪ್ಪವಾಗಿದ್ದಲ್ಲಿ ವೈದ್ಯರು ಬರೆದುಕೊಟ್ಟ ಸ್ಯಾಲಿಸಿಲಿಕ್ ಆಮ್ಲದ ಮುಲಾಮನ್ನು ಹಚ್ಚಿ ಹಳೆಯ ಬಟ್ಟೆಯನ್ನು ಸುತ್ತಿ ಮಲಗಬೇಕು. ಬೆಳಿಗ್ಗೆ ಅಗಲ ಹಲ್ಲಿನ ಬಾಚಣಿಗೆಯನ್ನು ಅಡ್ಡವಾಗಿ ಹಿಡಿದು ಸಡಿಲವಾದಷ್ಟನ್ನು ಮಾತ್ರ ಎತ್ತಬೇಕು. ಬಳಿಕ ಕೋಲ್ ಟಾರ್ ಇರುವ ಶಾಂಪೂವನ್ನು ಹಚ್ಚಿ 5 ರಿಂದ 10 ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬೇಕು. ಸರಿಯಾಗಿ ತೊಳೆಯದೆ ಬಿಸಿಲಿಗೆ ಹೋದರೆ ಚರ್ಮ ಉರಿಯುತ್ತದೆ, ಬಿಳಿಯ ಬಟ್ಟೆಗೆ ಕಲೆಯೂ ಆಗುತ್ತದೆ. ಬಟ್ಟೆ ಒಗೆಯುವ ಸಾಬೂನು, ಸೋಡಾ, ಸುಡುಸುಡುವ ನೀರು ತಲೆಗೆ ಕೂಡದು. ಸೀಮೆಎಣ್ಣೆ, ಮೈಲುತುತ್ತ, ಬೆಳ್ಳುಳ್ಳಿಯ ರಸ ಇವುಗಳಿಂದ ಸುಟ್ಟಗಾಯಗಳಾಗುತ್ತವೆ.

ಪೊರೆ ಹೋಗಿ ಕೆಂಪು ಚರ್ಮ ಕಂಡ ಮೇಲೆ ವೈದ್ಯರು ಕೊಟ್ಟ ಸ್ಟೀರಾಯ್ಡ್ ದ್ರವವನ್ನು ಹನಿಹನಿಯಾಗಿ, ಕೂದಲಿಗಲ್ಲದೆ ಚರ್ಮಕ್ಕೆ ತಾಗುವಂತೆ ಬಿಡಬೇಕು. ಸಾಮಾನ್ಯವಾಗಿ 2 ರಿಂದ 4 ವಾರ ದಿನವೂ, ಅನಂತರ ವೈದ್ಯರ ಸಲಹೆಯಂತೆ ವಾರಕ್ಕೆ ಒಂದೆರಡು ದಿವಸ. ಅದೇ ಔಷಧಿಯನ್ನು ಮುಖಕ್ಕೆ, ತೊಡೆಸಂದಿಗೆ ಹಚ್ಚಿದರೆ ಚರ್ಮ ತೆಳುವಾಗಿ ಶಾಶ್ವತ ಗುರುತುಗಳು ಬೀಳುತ್ತವೆ.

ಯಾರೂ ತಮ್ಮ ಹೆಡತಲೆಯನ್ನು ತಾವೇ ನೋಡಿಕೊಳ್ಳಲಾರರು. ಕೂದಲನ್ನು ಬಿಡಿಸಿ ಸರಿಯಾದ ಜಾಗಕ್ಕೆ ಔಷಧಿ ಬಿಡಲು ಇನ್ನೊಬ್ಬರ ಕೈ ಬೇಕೇ ಬೇಕು. ಗಂಡನ ತಲೆಗೆ ಹೆಂಡತಿ ಎಣ್ಣೆ ಹಚ್ಚುವುದು ನಮ್ಮಲ್ಲಿ ವಾಡಿಕೆ. ಹೆಂಡತಿಯ ತಲೆಗೆ ಗಂಡ ಹಚ್ಚಿದರೆ ನೆರೆಯವರು ನಗುತ್ತಾರೆಂದು ಹಿಂಜರಿಯುವವರಿದ್ದಾರೆ. ಕದ ಮುಚ್ಚಿ ಹಚ್ಚಿರಿ. ಹಚ್ಚಿದ ಮೇಲೆ ಕೈ ತೊಳೆದುಕೊಳ್ಳುವುದು ಔಷಧಿ ಕಣ್ಣಿಗೆ ಬಾಯಿಗೆ ಹೋಗದಿರಲೆಂದು, ರೋಗ ಅಂಟೀತೆಂದಲ್ಲ.

ಇನ್ನೊಂದು ಎಚ್ಚರಿಕೆ. ಬೇಗ ಗುಣವಾಗಲೆಂದು ಅರ್ಹತೆಯಿಲ್ಲದವರಿಂದ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿಕೊಳ್ಳುವವರು, ಹೆಸರಿಲ್ಲದ ಪುಡಿಯ ಪೊಟ್ಟಣಗಳನ್ನು ನುಂಗುವವರು ಇದ್ದಾರೆ. ಎಂಟು ದಿನದಲ್ಲಿ ಚರ್ಮ ತಿಳಿಯಾಗುವುದು ನಿಜ. ಅದರ ಪ್ರಭಾವ ಇಳಿದೊಡನೆ ವ್ಯಾಧಿ ಮೊದಲಿಗಿಂತ ಭೀಕರವಾಗಿ ಹಿಂದಿರುಗುತ್ತದೆ. ಮೈಯೆಲ್ಲ ಕೆಂಪಾಗಿ ಸುಲಿದು, ಕೀವುಗುಳ್ಳೆಗಳೆದ್ದು, ಚಳಿಜ್ವರ ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು. ಅಂತಹ ಲಕ್ಷಣಗಳು ಕಂಡಲ್ಲಿ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಬರತಕ್ಕದ್ದು.

ನುಂಗುವ ಮಾತ್ರೆಗಳು ಮತ್ತು ಸಂತಾನ

ತಲೆಯೊಂದರಲ್ಲಿಯೇ ಇರುವ ವ್ಯಾಧಿಗೆ ಮಾತ್ರೆಗಳು ಸಾಧಾರಣವಾಗಿ ಬೇಕಾಗುವುದಿಲ್ಲ. ದೇಹದ ಬಹುಭಾಗಕ್ಕೆ ಹರಡಿದ್ದರೆ ಅಥವಾ ಕೀಲುಗಳಿಗೆ ಇಳಿದಿದ್ದರೆ ತಜ್ಞರು ಮೆಥೋಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಕೊಡುವುದುಂಟು. ಇದನ್ನು ವಾರಕ್ಕೆ ಒಂದು ದಿವಸ ಮಾತ್ರ ಸೇವಿಸತಕ್ಕದ್ದು. ದಿನವೂ ನುಂಗಿದರೆ ಬಾಯಿಹುಣ್ಣು, ರಕ್ತಕಣಗಳ ಕ್ಷಯ ಉಂಟಾಗಿ ಸಾವೂ ಸಂಭವಿಸಬಹುದು. ಯಾವ ವಾರವೆಂದು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿ, ಓದು ಬಲ್ಲವರು ಒಬ್ಬರು ಜವಾಬ್ದಾರಿ ವಹಿಸಿಕೊಳ್ಳಬೇಕು. ಮನೆಯಲ್ಲಿ ಹೆಂಡತಿ ಛಾಯಾ ಎಂಬ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದೂ ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಬಳಿಕ ವಾರಕ್ಕೊಮ್ಮೆ ಸೇವಿಸುವಂತಹುದು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ.

ಮೆಥೋಟ್ರೆಕ್ಸೇಟ್ ಗರ್ಭಪಾತಕ್ಕೂ ಶಿಶುವಿನ ಅಂಗವೈಕಲ್ಯಕ್ಕೂ ಕಾರಣವಾಗಬಲ್ಲದು. ಸೇವಿಸುತ್ತಿರುವ ಹೆಂಗಸು ಗರ್ಭಿಣಿಯಾಗಕೂಡದು, ಮಗುವಿಗೆ ಮೊಲೆಯುಣಿಸಕೂಡದು. ಮಗು ಬೇಕೆನಿಸಿದಾಗ ಮಾತ್ರೆಯನ್ನು ನಿಲ್ಲಿಸಿ ಕನಿಷ್ಠ 3 ತಿಂಗಳು ಕಾಯಬೇಕು. ಕೆಲವು ತಜ್ಞರು 6 ತಿಂಗಳೆನ್ನುತ್ತಾರೆ, ನಿಮ್ಮ ವೈದ್ಯರು ಹೇಳಿದಂತೆ ನಡೆಯಿರಿ. ಗಂಡನು ಸೇವಿಸುತ್ತಿದ್ದಲ್ಲಿಯೂ ಸುರಕ್ಷತೆಗಾಗಿ 3 ತಿಂಗಳ ಅಂತರವನ್ನು ಇಟ್ಟುಕೊಳ್ಳುವುದು ವಾಡಿಕೆಯ ಸಲಹೆ. ಅಸಿಟ್ರೆಟಿನ್ ಎಂಬ ಇನ್ನೊಂದು ಔಷಧಿಯ ಪ್ರಭಾವ ಇನ್ನೂ ದೀರ್ಘ: ನಿಲ್ಲಿಸಿದ ಮೇಲೂ 3 ವರ್ಷ ಗರ್ಭ ಧರಿಸಬಾರದು. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಅದನ್ನು ಕೊಡದಿರುವುದೇ ಲೇಸು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಚಿಕಿತ್ಸೆಯ ಅವಧಿಯಲ್ಲಿ ಗರ್ಭನಿರೋಧಕ್ಕೆ ಮಾರ್ಗಗಳು ಸಾಕಷ್ಟಿವೆ. 1968ರಿಂದ ಹಳ್ಳಿಹಳ್ಳಿಗೂ ಪರಿಚಿತವಾದ ನಿರೋಧ್, ಗರ್ಭಕೋಶದಲ್ಲಿ ಅಳವಡಿಸುವ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದು, ಇವೆಲ್ಲ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಇವು ಸೋರಿಯಾಸಿಸ್ ಇರುವವರಿಗೆ ನಿಷಿದ್ಧವಲ್ಲ. ಮಾತ್ರೆ ಸೇವಿಸುವಾಗ ಮುಟ್ಟು ತಪ್ಪಿದಲ್ಲಿ ಮಾತ್ರೆಯನ್ನು ಕೂಡಲೇ ನಿಲ್ಲಿಸಿ ಅದೇ ವಾರ ಆಸ್ಪತ್ರೆಗೆ ಬನ್ನಿ. ಅತ್ತೆಗೆ ಹೇಳುವುದೋ ಬಿಡುವುದೋ ಎಂಬುದನ್ನು ಆಮೇಲೆ ಯೋಚಿಸಬಹುದು.

ಗರ್ಭಿಣಿಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ವ್ಯಾಧಿಯು ತಾನಾಗಿಯೇ ತಗ್ಗುತ್ತದೆ. ಹೆರಿಗೆಯಾದ ಕೆಲವು ವಾರಗಳಲ್ಲಿ ಮರಳಿ ಬರಬಹುದು. ಬಾಣಂತಿಗೆ ನಂಜಾಯಿತೆಂದು ಗಾಬರಿಯಾಗಬೇಡಿ. ಕೊಬ್ಬರಿ ಎಣ್ಣೆ, ವೈದ್ಯರು ಸೂಚಿಸಿದ ಸೌಮ್ಯ ಸ್ಟೀರಾಯ್ಡ್ ಲೇಪ ಇವನ್ನು ಬಸುರಿನಲ್ಲಿಯೂ ಬಾಣಂತನದಲ್ಲಿಯೂ ಬಳಸಬಹುದು. ಟಾರ್ ಶಾಂಪೂವನ್ನು ಮೊದಲ ಮೂರು ತಿಂಗಳು ಬಿಡುವುದು ಒಳ್ಳೆಯದು.

ವೈದ್ಯರ ಬಳಿಗೆ ಬರುವಾಗ

ಮುಂಜಾನೆ ಕೀಲುಗಳು ಅರ್ಧ ಗಂಟೆಗೂ ಹೆಚ್ಚು ಕಾಲ ಬಿಗಿದಿರುವುದು, ಬೆರಳುಗಳು ಊದುವುದು, ಹಿಮ್ಮಡಿ ನೋಯುವುದು ಇವನ್ನು ಮೂಟೆ ಹೊತ್ತ ನೋವೆಂದು ತಳ್ಳಿಹಾಕಬೇಡಿ. ಸೋರಿಯಾಸಿಸ್ ಇರುವ ನೂರರಲ್ಲಿ 10 ರಿಂದ 30 ಜನರಿಗೆ ಕೀಲುವಾತ ಬರುವುದುಂಟು. ತಡಮಾಡಿದರೆ ಬೆರಳುಗಳು ಸೊಟ್ಟಗಾಗುತ್ತವೆ, ಮೂಟೆ ಹೊರುವವನಿಗೆ ಕೈಯೇ ಜೀವನ. ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆಯನ್ನು ಸಹ ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಿ.

ಕಮಲಾಪುರದ ಕಡೆಯವರು ಮೊದಲು ತಮ್ಮ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತೋರಿಸಬಹುದು. ಚರ್ಮರೋಗ ತಜ್ಞರನ್ನು ಕಾಣಬೇಕಾದಲ್ಲಿ ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ಜಿಮ್ಸ್ ಬೋಧಕ ಆಸ್ಪತ್ರೆಗೆ ಬರಬೇಕು. ತೊಗರಿ ಹಾಕಲು ಗಂಜ್‌ಗೆ ಬರುವ ದಿನವೇ ತೋರಿಸಿಕೊಂಡು ಹೋಗಬಹುದು. ಹೊರರೋಗಿ ವಿಭಾಗ ಬೆಳಗಿನಲ್ಲಿರುತ್ತದೆ, ಆದುದರಿಂದ ಸವಾಲು ಮುಗಿಯುವವರೆಗೆ ಒಬ್ಬರು ಚೀಲಗಳ ಬಳಿ ಇದ್ದು ಇನ್ನೊಬ್ಬರು ಚೀಟಿ ಮಾಡಿಸಲಿ. ಹಳೆಯ ಔಷಧಿ ಚೀಟಿಗಳನ್ನು, ಈವರೆಗೆ ಹಚ್ಚಿದ ಟ್ಯೂಬು ಸೀಸೆಗಳನ್ನು ಖಾಲಿಯಾಗಿದ್ದರೂ ಸರಿ, ಜೊತೆಯಲ್ಲಿ ತನ್ನಿ. ಅಂದು ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ, ಪೊರೆ ಸರಿಯಾಗಿ ಕಾಣುವುದಿಲ್ಲ. ಹೆಂಗಸರು ಕೊನೆಯ ಮುಟ್ಟಿನ ದಿನಾಂಕವನ್ನು ನೆನಪಿಟ್ಟುಕೊಂಡು ಬನ್ನಿ. ಔಷಧಿ ಬರೆಯುವ ಮುಂಚೆ ವೈದ್ಯರು ಅದನ್ನು ಕೇಳದಿದ್ದಲ್ಲಿ ನೀವೇ ಹೇಳಿ.